ವೆಕೇಶನ್ನಿಗೆ ಅಳುಕು, ಹಾಲಿಡೇಗೆ ಹಕ್ಕು

ಇಂಗ್ಲೆಂಡಿನಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. ಅಮೆರಿಕದವರಿಗೆ ಹೊರಗಿನ ಜಗತ್ತು ಬೇಕಿಲ್ಲ, ಅವರಲ್ಲಿ ಅರ್ಧದಷ್ಟು ಜನರ ಹತ್ತಿರ ಪಾಸ್‌ಪೋರ್ಟೇ ಇಲ್ಲ ಅನ್ನುವ ಮಾತು. ಆಫೀಸಿನ ಊಟದ ಮೇಜಿನಲ್ಲಿ ಕೇಳಿದ್ದೇನೆ, ಇಲ್ಲಿನ ಕನ್ನಡದ ಮನೆಗಳ ಹಬ್ಬದೂಟದಲ್ಲೂ ಕೇಳಿದ್ದೇನೆ. ನಾನು ಕೆಲವು ವರ್ಷ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದು ಆಮೇಲೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದವನು. ಎರಡೂ ಕಡೆಯ ಜನರ ಜೊತೆ ದುಡಿದಿದ್ದೇನೆ. ಈ ಮಾತು ಅನ್ಯಾಯದ್ದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಲೆಕ್ಕ ಸುಳ್ಳಲ್ಲ. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೂರಕ್ಕೆ 86ಕ್ಕೂ ಹೆಚ್ಚು ಜನರ ಬಳಿ ಪಾಸ್‌ಪೋರ್ಟ್ ಇದೆ. ಅಮೆರಿಕದಲ್ಲಿ ಅದು ಸುಮಾರು ಅರ್ಧ. ಆದರೆ 1990ರ ಹೊತ್ತಿಗೆ ಅಲ್ಲಿ ನೂರಕ್ಕೆ ಐದು ಜನರ ಹತ್ತಿರವೂ ಸರಿಯಾಗಿ ಇರಲಿಲ್ಲ. ಆಗ ಕೆನಡಾಕ್ಕೋ ಮೆಕ್ಸಿಕೋಕ್ಕೋ ಹೋಗಿಬರಲು ಅಮೆರಿಕದವರಿಗೆ ಪಾಸ್‌ಪೋರ್ಟ್ ಬೇಕಾಗಿರಲಿಲ್ಲ. 2007ರಲ್ಲಿ ವಿಮಾನದಲ್ಲಿ ಬರುವವರಿಗೆ, 2009ರಲ್ಲಿ ರಸ್ತೆ ಮತ್ತು ಹಡಗಿನಲ್ಲಿ ಬರುವವರಿಗೆ ನಿಯಮ ಬಿಗಿಯಾಯಿತು. ಜನ ಸಾಲುಗಟ್ಟಿ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಅಗತ್ಯ ಬಿದ್ದಾಗ ಮಾಡಿಸಿದರು, ಅಷ್ಟೇ ಅಲ್ವಾ?

ದೂರವನ್ನೂ ನೋಡಿ. ಲಂಡನ್ನಿನಲ್ಲಿ ರೈಲು ಹತ್ತಿದರೆ ಎರಡೂಕಾಲು ಗಂಟೆಗೆ ಪ್ಯಾರಿಸ್. ಭಾಷೆ, ದುಡ್ಡು, ಊಟದ ಹೊತ್ತು ಎಲ್ಲ ಬೇರೆ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಸುಮಾರು 4,000 ಕಿಲೋಮೀಟರ್. ಲಂಡನ್ನಿನಿಂದ ಅಷ್ಟು ದೂರ ಹೊರಟರೆ ಇಸ್ತಾಂಬುಲ್ ದಾಟಿ ಎಷ್ಟೋ ಮುಂದೆ ಹೋಗಿರುತ್ತೇವೆ. ಅಮೆರಿಕದವರು ಅಷ್ಟು ಹಾರಿದ ಮೇಲೂ ಇಳಿಯುವುದು ತಮ್ಮ ದೇಶದಲ್ಲೇ. ಹಿಮ ಬೇಕೆಂದರೆ ಕೊಲರಾಡೋ, ಮರಳುಗಾಡು ಬೇಕೆಂದರೆ ಆರಿಜೋನಾ, ಕಡಲು ಬೇಕೆಂದರೆ ಫ್ಲೋರಿಡಾ. ಬ್ರಿಟನ್ನಿನವನಿಗೆ ಖಾತ್ರಿ ಬಿಸಿಲು ಬೇಕೆಂದರೆ ದೇಶ ಬಿಡಲೇಬೇಕು.

ಇನ್ನು ಮಾತಿನ ವಿಷಯ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದವರು ಮೊದಲ ಕೆಲವು ವಾರ ತಡವರಿಸುತ್ತೇವೆ. ನಾವು ಕಲಿತದ್ದು ಬ್ರಿಟಿಷರ ಇಂಗ್ಲಿಷ್. ಪೆಟ್ರೋಲು ಅಲ್ಲಿ ಗ್ಯಾಸ್ ಆಗುತ್ತದೆ, ಲಿಫ್ಟು ಎಲಿವೇಟರ್, ಟಾರ್ಚು ಫ್ಲ್ಯಾಶ್‌ಲೈಟ್, ಕೊತ್ತಂಬರಿ ಸೊಪ್ಪು ಸಿಲಾಂಟ್ರೋ. ಇವು ಬೇಗ ಬಾಯಿಗೆ ಬರುತ್ತವೆ. ತೊಂದರೆ ಕೊಡುವುದು ಎರಡೂ ಕಡೆ ಇದ್ದು ಅರ್ಥ ಬೇರೆಯಾದ ಮಾತುಗಳು. ಲಂಡನ್ನಿನಲ್ಲಿ ಫಸ್ಟ್ ಫ್ಲೋರ್ ಅಂದರೆ ಮೆಟ್ಟಿಲು ಹತ್ತಬೇಕು, ನ್ಯೂಯಾರ್ಕಿನಲ್ಲಿ ಅದು ನೆಲಮಹಡಿಯೇ. ಪೇವ್‌ಮೆಂಟ್ ಅಂದರೆ ಇಲ್ಲಿ ನಡೆಯುವ ದಾರಿ, ಅಲ್ಲಿ ಕಾರು ಓಡುವ ಜಾಗ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಪಬ್ಲಿಕ್ ಸ್ಕೂಲ್ ಅಲ್ಲಿ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ದುಬಾರಿ ಫೀಜಿನ ಖಾಸಗಿ ಶಾಲೆ. ಮನೆ ಹುಡುಕುವಾಗ ಇದು ಗೊತ್ತಿಲ್ಲದಿದ್ದರೆ ಜೇಬಿಗೇ ಪೆಟ್ಟು.

ನಮ್ಮಲ್ಲಿ ಕಾರಿನ ಹೆಚ್ಚುವರಿ ಚಕ್ರಕ್ಕೆ ಸ್ಟೆಪ್ನಿ ಅನ್ನುತ್ತೇವಲ್ಲ, ಅದು ಈ ಎರಡು ದೇಶಗಳಲ್ಲೂ ಈಗ ಯಾರಿಗೂ ತಿಳಿಯುವುದಿಲ್ಲ. ಆ ಹೆಸರು ಬಂದದ್ದು ವೇಲ್ಸ್‌ನ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಅಂಥ ಚಕ್ರ ಮಾಡುತ್ತಿದ್ದರು. ಹುಟ್ಟಿದ ಕಡೆ ಮರೆತ ಹೆಸರನ್ನು ನಮ್ಮ ಲಾರಿ ಡ್ರೈವರುಗಳು ಉಳಿಸಿಕೊಂಡಿದ್ದಾರೆ. ನನಗೆ ಇದು ಬಹಳ ಇಷ್ಟ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ರಜೆಯ ವಿಷಯ. ಬ್ರಿಟನ್ನಿನವರು ಹಾಲಿಡೇ ಅನ್ನುವ ರಜೆಗೆ ಅಮೆರಿಕದವರು ವೆಕೇಶನ್ ಅನ್ನುತ್ತಾರೆ. ಅಮೆರಿಕದ ಆಫೀಸುಗಳಲ್ಲಿ ಸಂಬಳದ ರಜೆಗೆ ಪಿ.ಟಿ.ಓ. (ಪೇಯ್ಡ್ ಟೈಮ್ ಆಫ್) ಅನ್ನುತ್ತಾರೆ. ಎಷ್ಟೋ ಕಡೆ ಸುತ್ತಾಡಲು ಹೋಗುವ ದಿನವೂ ಜ್ವರ ಬಂದು ಮಲಗುವ ದಿನವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಚಳಿಗಾಲದಲ್ಲಿ ಮಗುವಿಗೆ ಹುಷಾರಿಲ್ಲದೆ ನಾಲ್ಕು ದಿನ ಹೋದರೆ ಬೇಸಿಗೆಯ ಪ್ರಯಾಣದಲ್ಲಿ ನಾಲ್ಕು ದಿನ ಖೋತಾ. ಬ್ರಿಟನ್ನಿನಲ್ಲಿ ಆನ್ಯುಯಲ್ ಲೀವ್ ಬೇರೆ, ಕಾಯಿಲೆಯ ರಜೆ ಬೇರೆ. ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ ಕಾನೂನಿನ ಪ್ರಕಾರದ ಆ ರಜೆಯನ್ನು ಇನ್ನೊಮ್ಮೆ ತೆಗೆದುಕೊಳ್ಳುವ ಹಕ್ಕೂ ಇದೆ.

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ವರ್ಷಕ್ಕೊಮ್ಮೆ ಗಿರಣಿಯನ್ನೇ ಮುಚ್ಚುತ್ತಿದ್ದರು. ವೇಕ್ಸ್ ವೀಕ್ ಅಂತ ಅದರ ಹೆಸರು. ಇಡೀ ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಕಡಲ ತೀರಕ್ಕೆ ಹೋಗುತ್ತಿತ್ತು. ಆ ವಾರಕ್ಕೆ ಕೂಲಿ ಇರಲಿಲ್ಲ. ನಮ್ಮಲ್ಲಿ ಚೀಟಿ ಹಾಕುವ ಹಾಗೆ ವರ್ಷವಿಡೀ ಸಂಘಗಳಲ್ಲಿ ಪುಡಿಗಾಸು ಕೂಡಿಡುತ್ತಿದ್ದರು. ಕಾರ್ಮಿಕ ಸಂಘಟನೆಗಳು ಸಂಬಳದ ರಜೆಗಾಗಿ ಬಹಳ ಕಾಲ ಕೇಳುತ್ತಲೇ ಬಂದವು. 1938ರಲ್ಲಿ ಬ್ರಿಟನ್ ಒಂದು ಕಾಯ್ದೆ ಮಾಡಿ ವರ್ಷಕ್ಕೆ ಒಂದು ವಾರ ಸಂಬಳದ ರಜೆಗೆ ದಾರಿ ತೆರೆಯಿತು. ಅದೇ 1938ರಲ್ಲಿ ಅಮೆರಿಕವೂ ದುಡಿಯುವವರಿಗಾಗಿ ದೊಡ್ಡ ಕಾಯ್ದೆ ಮಾಡಿತು. ಕನಿಷ್ಠ ಕೂಲಿ ಬಂತು, ಓವರ್‌ಟೈಮ್ ಬಂತು. ಸಂಬಳದ ರಜೆಯ ಮಾತೇ ಬರಲಿಲ್ಲ. ಇವತ್ತಿಗೂ ಅಲ್ಲಿನ ಕೇಂದ್ರ ಕಾನೂನು ಖಾಸಗಿ ಕಂಪನಿಗಳಿಗೆ ಒಂದು ದಿನದ ಸಂಬಳದ ವೆಕೇಶನ್ನನ್ನೂ ಕಡ್ಡಾಯ ಮಾಡಿಲ್ಲ. 1910ರಲ್ಲೇ ಅಧ್ಯಕ್ಷ ಟಾಫ್ಟ್ ಮನುಷ್ಯನಿಗೆ ವರ್ಷಕ್ಕೆ ಎರಡು ಮೂರು ತಿಂಗಳು ಬಿಡುವು ಬೇಕು ಅಂದಿದ್ದ ದೇಶ ಅದು.

ಬ್ರಿಟನ್ನಿನಲ್ಲಿ ಈಗ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 28 ದಿನ ರಜೆ ಕಡ್ಡಾಯ. ಬ್ಯಾಂಕ್ ಹಾಲಿಡೇ ಅನ್ನುವ ಸಾರ್ವಜನಿಕ ರಜೆಗಳನ್ನೂ ಅದರೊಳಗೇ ಸೇರಿಸುವ ಕಂಪನಿಗಳಿವೆ, ಆದರೂ ಅದು ಸಣ್ಣ ವಿಷಯವಲ್ಲ. 1950ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಹಾರಿದ ಪ್ಯಾಕೇಜ್ ಪ್ರವಾಸ, ಆಮೇಲೆ ಸ್ಪೇನಿನ ಕಡಲ ತೀರದ ಊರು ಬೆನಿಡಾರ್ಮ್, 1995ರಲ್ಲಿ ಶುರುವಾದ ಈಜಿಜೆಟ್‌ನಂಥ ಅಗ್ಗದ ವಿಮಾನಗಳು, ಎಲ್ಲಕ್ಕೂ ತಳಹದಿ ಈ ರಜೆಯೇ. ದಿನಗಳೇ ಇಲ್ಲದವನಿಗೆ ಅಗ್ಗದ ಟಿಕೆಟ್ ಕೊಟ್ಟು ಏನು ಪ್ರಯೋಜನ?

ಬ್ರಿಟಿಷರು ತಿರುಗುವ ರೀತಿಯೆಲ್ಲ ಚೆಂದ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಸಲ ಇಲ್ಲಿನವರು ಸ್ಪೇನಿಗೆ ಹೋಗಿಬರುತ್ತಾರೆ. ಅಲ್ಲೂ ಬೆಳಿಗ್ಗೆ ಮೊಟ್ಟೆ, ಬೇಕನ್, ಬೀನ್ಸ್. ಸ್ಪ್ಯಾನಿಷ್‌ನ ನಾಲ್ಕು ಮಾತು ಕಲಿಯದೆ ಹದಿನೈದು ದಿನ ಕಳೆದು ಬರುವವರು ಬಹಳ ಮಂದಿ. 2024ರಲ್ಲಿ ಸ್ಪೇನಿನ ಕೆನರಿ ದ್ವೀಪಗಳ ಜನ, ಪ್ರವಾಸಿಗರ ಹೊರೆ ತಡೆಯಲಾಗುತ್ತಿಲ್ಲ ಅಂತ ಬೀದಿಗಿಳಿದರು. ನ್ಯೂಜೆರ್ಸಿಯ ನಮ್ಮ ಪಕ್ಕದ ಮನೆಯ ದಂಪತಿ ಇಟಲಿಗೆ ಹೋಗಬೇಕೆಂದು ವರ್ಷಗಟ್ಟಲೆ ಕಾಸು ಕೂಡಿಸಿದ್ದರು. ಹೊರಡುವ ಮುಂಚಿನ ಚಳಿಗಾಲ ಪೂರ್ತಿ ಸಂಜೆ ಕೂತು ಇಟಾಲಿಯನ್ ಕಲಿತರು. ಜಗತ್ತು ನೋಡುವ ಆಸೆ ಅವರಿಗೆ ಕಡಿಮೆ ಇತ್ತು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಕಡಿಮೆ ಇದ್ದದ್ದು ರಜೆ.

ಇದರ ಬಿಸಿ ಅಮೆರಿಕದ ಕನ್ನಡಿಗರಿಗೂ ತಟ್ಟುತ್ತದೆ. ಇರುವ ಅಷ್ಟೂ ದಿನ ಕೂಡಿಟ್ಟು ಎರಡು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗುವ ಮನೆಗಳೇ ಜಾಸ್ತಿ. ಜೆಟ್‌ಲ್ಯಾಗ್‌ನಲ್ಲಿ ಒಂದಷ್ಟು ದಿನ, ವೀಸಾ ಸ್ಟಾಂಪಿಂಗ್‌ಗೆ ಒಂದಷ್ಟು ದಿನ ಕಳೆದುಹೋಗುತ್ತದೆ. ಉಳಿದದ್ದರಲ್ಲಿ ಅಪ್ಪ ಅಮ್ಮ, ಮದುವೆ, ಮನೆದೇವರು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಎಷ್ಟೋ ಸಲ ಲೇಬರ್ ಡೇ ವಾರಾಂತ್ಯಕ್ಕೇ ಬಂದಿದೆ, ಗಮನಿಸಿದ್ದೀರಾ? ಆ ಸೋಮವಾರ ಹೇಗೂ ಬಿಡುವು. ರೆಡಿಂಗ್‌ನಿಂದ ನಮಗೆ ಬೆಂಗಳೂರು ಹತ್ತು ಗಂಟೆಯ ವಿಮಾನ. ಅಮ್ಮನಿಗೆ ಆಪರೇಷನ್ ಅಂದಾಗ ಮ್ಯಾನೇಜರ್ ಮುಂದೆ ನಾನು ಅಳುಕಬೇಕಾಗಲಿಲ್ಲ. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು, ಅಷ್ಟೇ. ಆ ನೆಮ್ಮದಿಗೆ ಬೆಲೆ ಕಟ್ಟಲಾರೆ.

ನನ್ನ ಕಳವಳ ಇರುವುದು ಬೆಂಗಳೂರಿನ ಬಗ್ಗೆ. ಅಲ್ಲಿ ಮಾತು ಇನ್ನೂ ಬ್ರಿಟಿಷರದ್ದು, ದುಡಿಯುವ ರೀತಿ ಮಾತ್ರ ಅಮೆರಿಕದ್ದಾಗುತ್ತಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದುಡಿದ ಪ್ರತಿ 20 ದಿನಕ್ಕೆ 1 ದಿನ ಸಂಬಳದ ರಜೆ ಕೊಡಬೇಕು ಅನ್ನುತ್ತದೆ. ಆ ರಜೆಯನ್ನೂ ಪೂರ್ತಿ ತೆಗೆದುಕೊಳ್ಳದೆ, ಕೊನೆಗೆ ಕಾಸು ಮಾಡಿಕೊಳ್ಳುವುದನ್ನು ನಾವು ಜಾಣತನ ಅಂದುಕೊಂಡಿದ್ದೇವೆ. ಬ್ರಿಟನ್ನಿನ ಕಾನೂನು ಇಲ್ಲಿ ಬಹಳ ಕಟ್ಟುನಿಟ್ಟು. ಕಡ್ಡಾಯದ ರಜೆಗೆ ಬದಲಾಗಿ ಹಣ ಕೊಡುವಂತಿಲ್ಲ. ಕೆಲಸ ಬಿಡುವಾಗ ಉಳಿದ ರಜೆಗೆ ಮಾತ್ರ ದುಡ್ಡು. ಮೊದಲು ನನಗೂ ಇದು ವಿಚಿತ್ರ ಅನಿಸಿತ್ತು. ಈಗ ಅದರಷ್ಟು ಒಳ್ಳೆಯ ನಿಯಮ ಇನ್ನೊಂದಿಲ್ಲ ಅನಿಸುತ್ತದೆ. ಕಾಸಿನ ಆಸೆ ತೋರಿಸಿ ಬಿಡುವನ್ನು ಕಸಿಯಲು ಅದು ಯಾರಿಗೂ ಬಿಡುವುದಿಲ್ಲ.

ಹೊರಗೆ ಹೋಗಬೇಕೆಂದಿರುವ ತಮ್ಮ ತಂಗಿಯರು ಯಾವ ದೇಶ ಒಳ್ಳೆಯದು ಅಂತ ಕೇಳುತ್ತಿರುತ್ತಾರೆ. ಸಂಬಳ ಅಮೆರಿಕದಲ್ಲಿ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಫರ್ ಲೆಟರಿನಲ್ಲಿ ಸಂಬಳದ ಸಾಲು ನೋಡಿದ ಮೇಲೆ ರಜೆಯ ಸಾಲನ್ನೂ ಓದಿ. ಕಾಯಿಲೆಯ ದಿನಗಳು ಅದರೊಳಗೇ ಸೇರಿವೆಯಾ, ಬೇರೆಯಾ ಅಂತ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ.