ಕೊನೆಗಾಲದ ರೋಗಿಯೊಡನೆ ದುಡ್ಡಿನ ಮಾತು: ಆರೈಕೆ ತಂಡವೇ ಎತ್ತಬೇಕೇ?

ಪರ

ರೋಗ ಗುಣವಾಗುವ ಹಂತ ದಾಟಿದೆ ಎಂದು ವೈದ್ಯರು ಹೇಳಿದ ಮಾತ್ರಕ್ಕೆ ಮನೆ ಬಾಡಿಗೆಯೂ ಚೀಟಿಯ ಕಂತೂ ನಿಲ್ಲುವುದಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಾದು ಕುಳಿತವರ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಸ್ಕ್ಯಾನ್ ವರದಿಯ ಜೊತೆಗೇ ಪಡಿತರ ಚೀಟಿ, ಪಾಸ್‌ಬುಕ್, ಒಡವೆ ಅಡವಿಟ್ಟ ರಸೀದಿ ಕಾಣಿಸುತ್ತವೆ. ಹೀಗೆ ರೋಗವನ್ನೂ ಸಾಲವನ್ನೂ ಒಟ್ಟಿಗೇ ಹೊತ್ತು ತಂದವರೊಡನೆ ಒಂದರ ಬಗ್ಗೆ ಮಾತ್ರ ಮಾತನಾಡಿ ಕಳುಹಿಸುವುದು ಸರಿಯಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಆದರೆ ನಿಂತುಹೋದ ಸಂಬಳ ಸಿಗುವುದಿಲ್ಲ. ಅದಕ್ಕೆ ಬೇರೆ ದಾರಿಗಳಿವೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಾರ್ಮಿಕರಿಗೆ ಕ್ಯಾನ್ಸರ್ ಬಂದರೆ, ಸೇವಾವಧಿ ಮತ್ತು ವಂತಿಗೆಯ ಷರತ್ತು ಪೂರೈಸಿದ್ದಲ್ಲಿ, 91 ದಿನಗಳ ಸಾಮಾನ್ಯ ಅನಾರೋಗ್ಯ ಭತ್ಯೆ ಮುಗಿದ ಮೇಲೂ ವೇತನದ ಶೇ 80ರಷ್ಟು ಮೊತ್ತ ಎರಡು ವರ್ಷದವರೆಗೆ ಸಿಗಬಹುದು. ಇದಕ್ಕಿಂತ ಮುಖ್ಯವಾದದ್ದು ರಾಜೀನಾಮೆಯ ವಿಚಾರ. ಪಿಎಫ್ ಹಣ ಬೇಗ ಕೈಗೆ ಬರಲೆಂದು ಕೆಲಸ ಬಿಟ್ಟುಬಿಡುವವರಿದ್ದಾರೆ. ಕೆಲಸದಲ್ಲಿದ್ದುಕೊಂಡೇ ಚಿಕಿತ್ಸೆಗೆ ಪಿಎಫ್ ಮುಂಗಡ ಪಡೆಯಬಹುದೆಂದೂ, ಸೇವೆಯಲ್ಲಿರುವಾಗ ತೀರಿಕೊಂಡರೆ ಪಿಎಫ್ ಜೊತೆಗಿರುವ ವಿಮೆಯಿಂದ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿ ಬರುತ್ತದೆಂದೂ ಅವರಿಗೆ ಯಾರೂ ಹೇಳಿರುವುದಿಲ್ಲ. ರಾಜೀನಾಮೆ ಪತ್ರಕ್ಕೆ ಸಹಿ ಬಿದ್ದರೆ ಆ ವಿಮೆ ಕೈತಪ್ಪಿದಂತೆಯೇ. ಸಹಿಗೆ ಮುಂಚೆ ಎಚ್ಚರಿಸಬಲ್ಲವರು, ರೋಗಿಯನ್ನು ವಾರವಾರವೂ ಕಾಣುವ ಆರೈಕೆ ತಂಡದವರೇ.

ವಿರೋಧ

ಸವಲತ್ತುಗಳ ಮಾತನ್ನೆಲ್ಲ ಒಪ್ಪೋಣ. ಆದರೆ ನೋವಿಗೆ ಮಾರ್ಫಿನ್ ಕೊಡಲು ಬಂದ ನರ್ಸ್ ಬಾಯಿಂದಲೇ "ನಾಮಿನಿ ಯಾರು?" ಎಂಬ ಪ್ರಶ್ನೆ ಬರಬೇಕೇ? ನಮ್ಮ ಎಷ್ಟೋ ಮನೆಗಳಲ್ಲಿ ರೋಗಿಗೆ "ಸಣ್ಣ ಗಡ್ಡೆ, ವಾಸಿಯಾಗುತ್ತೆ" ಎಂದಷ್ಟೇ ಹೇಳಿರುತ್ತಾರೆ. (ಹಾಗೆ ಮುಚ್ಚಿಡುವುದು ಸರಿಯೆಂದು ನಾನು ಹೇಳುತ್ತಿಲ್ಲ.) ವೈದ್ಯರು ಪಕ್ಕದಲ್ಲಿ ಕೂತು ನಿಧಾನವಾಗಿ ತಿಳಿಸಬೇಕಾದ ಸುದ್ದಿ ಯಾವುದೋ ಅರ್ಜಿಯ ಕಾಲಮ್ಮಿನಿಂದ ಗೊತ್ತಾಗಬಾರದು.

ಉಯಿಲಿನ ವಿಚಾರ ಇನ್ನೂ ನಾಜೂಕು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಬರೆಸಿದವರ ಸಹಿಯ ಜೊತೆ ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಆದರೆ ಮಾರ್ಫಿನ್ ಪಡೆಯುತ್ತಿದ್ದವರ ಉಯಿಲಿಗೆ ನರ್ಸ್ ಸಾಕ್ಷಿ ಹಾಕಿದ್ದರೆ, ಸೈಟು ಸಿಗದ ತಮ್ಮನೊಬ್ಬ "ಅಣ್ಣನ ಬುದ್ಧಿ ಆಗ ಸ್ವಾಧೀನದಲ್ಲೇ ಇರಲಿಲ್ಲ" ಎಂದು ಕೋರ್ಟಿಗೆ ಹೋಗುವುದೂ ಅಷ್ಟೇ ಸುಲಭ. ಆಮೇಲೆ ಆ ತಂಡವನ್ನು ಅಕ್ಕಪಕ್ಕದ ಮನೆಯವರೂ ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಅಲ್ಲದೆ ನಿಜವಾದ ತೊಡಕಿರುವುದು ಬ್ಯಾಂಕಿನ ಕೌಂಟರಿನಲ್ಲಿ. ಕೆಪೆಸಿಟಬೀನ್ ಎಂಬ ಕೀಮೋ ಮಾತ್ರೆಯಿಂದ ಕೆಲವರ ಅಂಗೈ ಚರ್ಮ ಸುಲಿದು ಬೆರಳಚ್ಚೇ ಅಳಿಸಿಹೋಗುತ್ತದೆ. ದುಡ್ಡು ತೆಗೆಯಲು ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತಿ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿ, ಉಳಿದ ಬೆರಳುಗಳನ್ನೂ ಒಂದೊಂದಾಗಿ ಇಟ್ಟು ಸೋತವರ ಪರವಾಗಿ ನರ್ಸ್ ಏನು ತಾನೇ ಮಾಡಲಾದೀತು? 70 ವರ್ಷ ದಾಟಿದವರಿಗೂ ದೀರ್ಘಕಾಲದ ಕಾಯಿಲೆಯಿಂದ ಅಶಕ್ತರಾದವರಿಗೂ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಆ ಸೇವೆ ಮಂಚದವರೆಗೆ ಬರುವಂತೆ ನೋಡಿಕೊಳ್ಳುವ ಹೊಣೆಯನ್ನು ನರ್ಸ್ ಹೆಗಲಿಗೆ ವರ್ಗಾಯಿಸಿದರೆ, ಮುಂದಿನ ಮನೆಯಲ್ಲಿ ನೋವಿನಿಂದ ನರಳುತ್ತಿರುವವರು ಇನ್ನಷ್ಟು ಹೊತ್ತು ಕಾಯಬೇಕಾಗುತ್ತದೆ.