ಹುಡುಗರಿಗೆ ಒಂದು ಜಾಬ್ ಹಾಳು ಮಾಡಲು ಬಿಡಿ

ಇವತ್ತು ಮಧ್ಯಾಹ್ನ ಒಂದು ಫೋನ್ ಬಂತು. ಆಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಊಟ ಮುಗಿಸಿ ಬರೆಯಲು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ. ಜಾಬ್ ಅಂದರೆ ಇಲ್ಲಿ ನೌಕರಿ ಅಲ್ಲ, ಮಷಿನ್ ಮೇಲೆ ಕಟ್ಟಿ ಕಡಿಯುವ ಲೋಹದ ತುಂಡು.

ಪೀಣ್ಯದ ನಮ್ಮ ಶೆಡ್ ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಜಾಬನ್ನು ತಿರುಗಿಸಿ ಕಡಿಯುವ ಎರಡು ಹಳೇ ಲೇತ್, ಒಂದು ಮಿಲ್ಲಿಂಗ್ ಮಷಿನ್, ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಓಡುವ ಮೂರು ಸಿಎನ್‌ಸಿ. ಈ ಸಲ ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಒಬ್ಬ ಹುಡುಗ ಬಂದಿದ್ದಾನೆ. ಮೆಕ್ಯಾನಿಕಲ್, ಕೊನೆಯ ವರ್ಷ. ಹಿರಿಯೂರು ಕಡೆಯವನು. ಬಲು ಚುರುಕು. ಕಂಪ್ಯೂಟರ್ ಮುಂದೆ ಕೂತರೆ ಅರ್ಧ ಗಂಟೆಯಲ್ಲಿ ಇಡೀ ಗೇರ್‌ಬಾಕ್ಸ್ ಹೌಸಿಂಗ್ ಬರೆದು ತಿರುಗಿಸಿ ತೋರಿಸುತ್ತಾನೆ.

ಫೋನ್ ಮಾಡಿದ್ದು ಅವನ ಕಾಲೇಜಿನ ಗೈಡ್. "ಸರ್, ಅವನನ್ನ ಯಾಕೆ ಮಷಿನ್ ಮೇಲೆ ನಿಲ್ಲಿಸಿದ್ದೀರಿ? ನಮಗೆ ರಿಪೋರ್ಟ್ ಬಂದ್ರೆ ಸಾಕು. ಕಂಪನಿ ಪ್ರೊಫೈಲ್, ನಾಲ್ಕು ಫೋಟೋ, ನಿಮ್ಮ ಸಹಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ಇಂಜಿನಿಯರಿಂಗ್ ಓದುವ ಹುಡುಗ ಮಷಿನ್ ಮುಟ್ಟಿದ್ದಕ್ಕೆ ಮೇಷ್ಟ್ರು ಗಾಬರಿ ಆಗುತ್ತಾರೆ! ನನಗೆ ಮಾತೇ ಹೊರಡಲಿಲ್ಲ.

ಹುಡುಗ ಮೇಷ್ಟ್ರಿಗೆ ಏನು ಹೇಳಿದ್ದ ಅಂತ ಆಮೇಲೆ ಗೊತ್ತಾಯಿತು. ಖುಷಿಯಲ್ಲಿ ಒಂದು ಫೋಟೋ ಕಳಿಸಿದ್ದನಂತೆ. ತಾನೇ ಮಾಡಿದ ಶಾಫ್ಟಿನದು, ಅಂದರೆ ಬೇರಿಂಗ್ ಕೂರಿಸುವ ದುಂಡು ಸರಳಿನದು. ಅದರ ಕತೆಯನ್ನು ಪೂರ್ತಿ ಹೇಳಲೇಬೇಕು.

ಮೊದಲ ಎರಡು ದಿನ ನಮ್ಮ ಹಿರಿಯ ಟರ್ನರ್ ಅವನ ಕೈಗೆ ಚಕ್ ಕೀ (ಲೇತಿನಲ್ಲಿ ಜಾಬ್ ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಕೀ) ಬಿಟ್ಟು ಬೇರೆ ಏನೂ ಕೊಡಲಿಲ್ಲ. ನಾವೆಲ್ಲ ಅವರನ್ನು ಮೇಸ್ತ್ರಿ ಅಂತಲೇ ಕರೆಯೋದು. ಜಾಬ್ ಕಟ್ಟು, ಬಿಚ್ಚು, ಮತ್ತೆ ಕಟ್ಟು. "ಚಕ್ಕಿನಲ್ಲಿ ಕೀ ಇದ್ದಾಗ ನಿನ್ನ ಕೈ ಕೀ ಮೇಲೇ ಇರಬೇಕು ಮರಿ. ಕೈ ತೆಗೆದ್ಯಾ, ಕೀನೂ ತೆಗಿ." ಅಂಗಿ ತೋಳು ಮಡಿಸಿಸಿದರು. ಕೈಯಲ್ಲಿದ್ದ ದಾರ ಬಿಚ್ಚಿಸಿದರು. ಲೇತ್ ಹತ್ತಿರ ಗ್ಲೌಸ್ ಹಾಕಬಾರದು ಅಂತ ಕೇಳಿ ಹುಡುಗನಿಗೆ ಆಶ್ಚರ್ಯ. ಗ್ಲೌಸ್ ಇದ್ದರೆ ಸುರಕ್ಷಿತ ಅಂದುಕೊಂಡಿದ್ದ. ತಿರುಗುವ ಜಾಬು ಗ್ಲೌಸಿನ ಒಂದು ಎಳೆ ಹಿಡಿದರೆ ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಮೂರನೇ ದಿನ 30 ಮಿಲಿಮೀಟರಿನ ಇಎನ್8 ಉಕ್ಕಿನ ಬಾರ್ ಒಂದು ಗೇಣುದ್ದ ಕತ್ತರಿಸಿ ಕೊಟ್ಟೆವು. 6205 ನಂಬರಿನ ಬೇರಿಂಗ್ ಕೂರುವ ಶಾಫ್ಟ್ ಮಾಡಬೇಕು. ಬೇರಿಂಗಿನ ಒಳವ್ಯಾಸ 25 ಮಿಲಿಮೀಟರ್. ಬೇರಿಂಗ್ ಬಿಗಿಯಾಗಿ ಕೂರುವ ಕೆ6 ಫಿಟ್ ಕೇಳಿದೆ. ಅಂದರೆ ಶಾಫ್ಟ್ 25.002ಕ್ಕಿಂತ ಕಮ್ಮಿ ಆಗಬಾರದು, 25.015ಕ್ಕಿಂತ ಜಾಸ್ತಿ ಆಗಬಾರದು. ಈ ಫಿಟ್‌ಗಳ ಅಳತೆಯ ಪಟ್ಟಿ ಅವನಿಗೆ ಬಾಯಿಪಾಠ.

ಬೆಳಗ್ಗೆಯಿಂದ ನಿಂತು ನಿಧಾನಕ್ಕೆ ಇಳಿಸಿಕೊಂಡು ಬಂದ. ಮೈಕ್ರೋಮೀಟರ್ ಹಿಡಿದು ನೋಡಿದ. 25.11. ಇನ್ನು 0.10 ತೆಗೆದರೆ ಸಾಕು. ಟೂಲನ್ನು ಜಾಬಿನ ಒಳಕ್ಕೆ ತಳ್ಳುವ ನಮ್ಮ ಲೇತಿನ ಕ್ರಾಸ್ ಸ್ಲೈಡ್ ಡಯಲ್‌ನಲ್ಲಿ ಒಂದು ಗೆರೆ ಅಂದರೆ 0.05. ಎರಡು ಗೆರೆ ಕೊಟ್ಟ. ಮೇಸ್ತ್ರಿ ಪಕ್ಕದಲ್ಲೇ ಇದ್ದರು. ನನ್ನ ಕಡೆ ನೋಡಿದರು. ನಾನು ಬೇಡ ಅಂತ ತಲೆ ಆಡಿಸಿದೆ. ಸುಮ್ಮನಾದರು.

ಟೂಲ್ ಓಡಿತು. ಅಳೆದ. 24.91.

ಮತ್ತೆ ಅಳೆದ. ಒರೆಸಿ ಅಳೆದ. ಮೈಕ್ರೋಮೀಟರಿನ ಝೀರೋ ಚೆಕ್ ಮಾಡಿದ. ಕೊನೆಗೆ ಬೇರಿಂಗ್ ತಂದು ಹಾಕಿದ. ಕೂರಬೇಕಾದ ಬೇರಿಂಗ್ ಸಲೀಸಾಗಿ ಜಾರಿ ಲಟಲಟ ಅಂತ ಅಲ್ಲಾಡಿತು. ಹುಡುಗನ ಮುಖ ನೋಡಬೇಕಿತ್ತು. ಮೇಸ್ತ್ರಿ ಮೆಲ್ಲಗೆ ಅಂದರು, "ಟೂಲ್ ಒಂದು ಕಡೆಯಿಂದ ತಿಂದ್ರೂ ಜಾಬು ಸುತ್ತ ತಿರುಗುತ್ತಲ್ಲ ಮರಿ. ಎರಡೂ ಕಡೆ ಸವೀತು."

ಅವನು ಒಂದು ನಿಮಿಷ ಹಾಗೇ ನಿಂತ. ಆಮೇಲೆ ನನಗೆ ಹೇಳಿದ ಮಾತು ಕೇಳಿ. "ಸರ್, ಇದೇ ಸೂತ್ರಕ್ಕೆ ಎಕ್ಸಾಮ್‌ನಲ್ಲಿ ಪೂರ್ತಿ ಮಾರ್ಕ್ಸ್ ಬಂದಿತ್ತು." ದೊಡ್ಡ ವ್ಯಾಸದಲ್ಲಿ ಚಿಕ್ಕ ವ್ಯಾಸ ಕಳೆದು ಎರಡರಿಂದ ಭಾಗಿಸಿದರೆ ಡೆಪ್ತ್ ಆಫ್ ಕಟ್, ಅಂದರೆ ಟೂಲ್ ಕಡಿಯುವ ಆಳ. ಆ ಎರಡು ಎಲ್ಲಿಂದ ಬಂತು ಅಂತ ಅವತ್ತು ಅವನಿಗೆ ಕೈಯಲ್ಲಿ ಗೊತ್ತಾಯಿತು. ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ಇದಕ್ಕೆ ನಮಗಾದ ಖರ್ಚು? ಒಂದು ಕಿಲೋ ಚಿಲ್ಲರೆ ಕಬ್ಬಿಣ. ನೂರು ರೂಪಾಯಿ ಒಳಗೆ. ಅವನ ಅಪ್ಪ ಸಾಲ ಮಾಡಿ ಕಟ್ಟಿದ ನಾಲ್ಕು ವರ್ಷದ ಫೀಸಿನಲ್ಲಿ ಈ ನೂರು ರೂಪಾಯಿಯ ತುಂಡು ಒಂದು ಸಲವೂ ಅವನ ಕೈಗೆ ಬರಲಿಲ್ಲ. ನನ್ನ ಹೊಟ್ಟೆ ಉರಿಯೋದು ಇದಕ್ಕೇ.

ಅವರ ಕಾಲೇಜಿನಲ್ಲಿ ಮಷಿನ್ ಇಲ್ಲ ಅಂದುಕೊಂಡಿರಾ? ಇದೆ. ಆರು ಲೇತ್ ಇವೆಯಂತೆ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿದ್ದಾರಂತೆ. ಲ್ಯಾಬಿನ ದಿನ ಎಂಟು ಜನಕ್ಕೆ ಒಂದು ಜಾಬ್. ಒಬ್ಬ ಹ್ಯಾಂಡಲ್ ತಿರುಗಿಸೋದು, ಉಳಿದವರು ಸುತ್ತ ನಿಂತು ನೋಡೋದು. ಪರೀಕ್ಷೆಯಲ್ಲಿ ಇಡಲು ಹಿಂದಿನ ಬ್ಯಾಚಿನವರ ಜಾಬ್ ಇರುತ್ತದೆ. ಫೇಸಿಂಗ್, ಸ್ಟೆಪ್ ಟರ್ನಿಂಗ್, ಟೇಪರ್, ನರ್ಲಿಂಗ್, ಥ್ರೆಡ್ ಎಲ್ಲ ಅದರಲ್ಲಿ ಆಗಿರುತ್ತದೆ. ತುಕ್ಕು ಉಜ್ಜಿ ಎಣ್ಣೆ ಹಚ್ಚಿದರೆ ಮುಗಿಯಿತು. ಪ್ಲಾಸ್ಟಿಕ್ ಪೂರ್ತಿ ತೆಗೆಯೋದು ಇನ್‌ಸ್ಪೆಕ್ಷನ್ ತಂಡ ಬಂದಾಗ, ಮತ್ತೆ ಆಯುಧಪೂಜೆ ದಿನ. ವರ್ಷವಿಡೀ ಮುಟ್ಟದ ಮಷಿನ್‌ಗೆ ಕುಂಕುಮ ಹಚ್ಚಿದರೆ ಅದಕ್ಕೆ ಏನು ಮರ್ಯಾದೆ ಕೊಟ್ಟ ಹಾಗಾಯಿತು?

ಇದು ಯಾವ ಊರಲ್ಲಿ ಆಗುತ್ತಿದೆ ಅಂತ ಯೋಚನೆ ಮಾಡಿ. 1953ರಲ್ಲಿ ಎಚ್‌ಎಂಟಿ ಶುರುವಾದ ಊರು ಇದು. ದೇಶಕ್ಕೆ ಲೇತ್ ಮಾಡಿಕೊಟ್ಟ ಊರು. ನಮ್ಮ ಶೆಡ್ಡಿನ ಎರಡು ಲೇತಿನಲ್ಲಿ ಒಂದು ಎಚ್‌ಎಂಟಿ, ಇನ್ನೊಂದು ಹರಿಹರದ ಮೈಸೂರು ಕಿರ್ಲೋಸ್ಕರ್. ಎರಡೂ ನನ್ನ ಮಕ್ಕಳಿಗಿಂತ ದೊಡ್ಡವು. ಇವತ್ತಿಗೂ ಹೇಳಿದ ಅಳತೆ ಕೊಡುತ್ತವೆ.

ಹಾಗಂತ ಕಲಿಸುವವರೇ ಇಲ್ಲ ಅನ್ನುವ ಹಾಗೂ ಇಲ್ಲ. ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಜಿಟಿಟಿಸಿ ಇದೆಯಲ್ಲ, ಡೆನ್ಮಾರ್ಕ್ ಸರ್ಕಾರದ ಸಹಕಾರದಲ್ಲಿ 1972ರಲ್ಲಿ ಶುರುವಾದದ್ದು. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡುವ ಮಕ್ಕಳು ಮೂರು ವರ್ಷ ಕಲಿತು, ಮತ್ತೊಂದು ವರ್ಷ ಫ್ಯಾಕ್ಟರಿಗಳಲ್ಲಿ ನಿಂತು ಕೆಲಸ ಮಾಡುತ್ತಾರೆ. ಅಲ್ಲಿಂದ ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ಮೊದಲ ದಿನವೇ ನಾಲ್ಕು ಜಾ ಚಕ್ಕಿನಲ್ಲಿ ಜಾಬ್ ಕಟ್ಟಿ, ಡಯಲ್ ಇಟ್ಟು, ಸರಿಯಾಗಿ ಸೆಂಟರ್ ಮಾಡಿ ಕೊಟ್ಟಳು. ಮೇಸ್ತ್ರಿ ಅವಳಿಗೆ ತಮ್ಮ ಸ್ಟೂಲ್ ಬಿಟ್ಟುಕೊಟ್ಟರು. ಅವರು ಯಾರಿಗೂ ಸ್ಟೂಲ್ ಬಿಟ್ಟುಕೊಡುವವರಲ್ಲ. ಆ ಹುಡುಗಿಗೆ ವಿಶೇಷ ಬುದ್ಧಿ ಇದೆ ಅಂತಲ್ಲ. ಅವಳಿಗೆ ಜಾಬ್ ಕೊಟ್ಟಿದ್ದರು. ಅವಳು ಹಾಳು ಮಾಡಿದ್ದಳು. ಇನ್ನೊಂದು ಕೊಟ್ಟಿದ್ದರು.

"ಈಗೆಲ್ಲ ಸಿಎನ್‌ಸಿ ಕಾಲ, ಕೈಯಲ್ಲಿ ಲೇತ್ ತಿರುಗಿಸೋದು ಯಾಕೆ? ಸಾಫ್ಟ್‌ವೇರಿನಲ್ಲೇ ಎಲ್ಲ ನೋಡಬಹುದು" ಅಂತ ಕೆಲವರು ಕೇಳುತ್ತಾರೆ. ಗೈಡ್ ಸಹ ಇದನ್ನೇ ಕೇಳಿದರು. ಸಿಎನ್‌ಸಿ ಇಟ್ಟುಕೊಂಡಿರುವವನು ನಾನು, ಅದಕ್ಕೇ ಹೇಳುತ್ತೇನೆ. ಕೆಲವು ಕಂಟ್ರೋಲರ್‌ಗಳಲ್ಲಿ ಪ್ರೋಗ್ರಾಮ್ ಮಾಡುವಾಗ ಎಕ್ಸ್ 50 ಅಂತ ಬರೆದು ಪಕ್ಕದ ಚುಕ್ಕಿ ಬಿಟ್ಟರೆ ಮಷಿನ್ ಅದನ್ನು 50 ಮಿಲಿಮೀಟರ್ ಅಂತ ಓದಲ್ಲ. 50 ಮೈಕ್ರಾನ್, ಅಂದರೆ 0.05 ಮಿಲಿಮೀಟರ್ ಅಂತ ಓದುತ್ತದೆ. ಟೂಲ್ ನೇರ ಜಾಬಿನ ನಡುವಿಗೆ ನುಗ್ಗುತ್ತದೆ. ಕೈಯಲ್ಲಿ ಕಬ್ಬಿಣ ಕಡಿದು ಗೊತ್ತಿರುವವನು ಸ್ಕ್ರೀನಿನಲ್ಲಿ ಉಳಿದ ದೂರ ನೋಡಿದ ತಕ್ಷಣ ಗಾಬರಿಯಾಗಿ ಫೀಡ್ ನಿಲ್ಲಿಸುತ್ತಾನೆ. ಗೊತ್ತಿಲ್ಲದವನು ಬಟನ್ ಒತ್ತಿ ಮೊಬೈಲ್ ನೋಡುತ್ತಾನೆ. ಟೂಲ್ ನಡುಗಿ ಚ್ಯಾಟರ್ ಆಗುವಾಗ ಬರುವ ಆ ಕಿರ್ರೋ ಶಬ್ದ ಯಾವ ಸಿಮ್ಯುಲೇಷನ್‌ನಲ್ಲಿ ಕೇಳುತ್ತದೆ? ನಮ್ಮ ಇದೇ ಹುಡುಗ ಮೊದಲ ವಾರ ಬರೆದ ಡ್ರಾಯಿಂಗಿನಲ್ಲಿ ಪಾಕೆಟ್ಟಿನ (ಕಡಿದು ಮಾಡುವ ಗುಳಿಯ) ಒಳಮೂಲೆಗಳು ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿದ್ದವು. ಅದನ್ನು ಕಡಿಯುವ 10 ಮಿಲಿಮೀಟರಿನ ಟೂಲ್, ಎಂಡ್ ಮಿಲ್ ತೋರಿಸಿ, ಇದು ಗುಂಡಗಿದೆ ಅಲ್ವಾ, ಮೂಲೆಯಲ್ಲಿ ಎಷ್ಟು ಬಿಡುತ್ತದೆ ಅಂತ ಕೇಳಿದೆ. "ಐದು" ಅಂದ. ಅವತ್ತೇ ಡ್ರಾಯಿಂಗ್ ತಿದ್ದಿದ.

ಅಪಾಯದ ಮಾತು ಸರಿ. ಲೇತ್ ಆಟದ ಸಾಮಾನಲ್ಲ. ಆದರೆ ಚಕ್ ಕೀ ಪಾಠ ಯಾರಿಂದಲೂ ಕಲಿಯದ ಹುಡುಗ ನಾಳೆ ಇಂಜಿನಿಯರ್ ಅಂತ ಹತ್ತು ಜನ ಆಪರೇಟರ್‌ಗಳ ಮೇಲೆ ಸೂಪರ್‌ವೈಸರ್ ಆಗುತ್ತಾನೆ. ಆ ಹತ್ತು ಜನರ ಕೈ ಬೆರಳಿಗೆ ಯಾರು ಜವಾಬ್ದಾರಿ?

ಇಷ್ಟು ಬರೆದ ಮೇಲೆ ಒಂದು ವಿಷಯ ಮುಚ್ಚಿಡಲು ಮನಸ್ಸು ಒಪ್ಪುತ್ತಿಲ್ಲ. ಎರಡು ವರ್ಷದ ಹಿಂದೆ ನಾಲ್ಕು ಹುಡುಗರು ಬಂದಿದ್ದರು. ಆಗ ಆರ್ಡರಿನ ಒತ್ತಡ. ನಾಲ್ಕು ವಾರ ಆಫೀಸಿನಲ್ಲಿ ಕೂರಿಸಿದೆ. ಹಳೇ ರಿಪೋರ್ಟ್ ಕೊಟ್ಟೆ, ನೋಡಿ ಬರೆದುಕೊಂಡರು. ಸಹಿ ಹಾಕಿ, ಸೀಲ್ ಒತ್ತಿ ಕಳಿಸಿದೆ. ಕೆಲವು ತಿಂಗಳು ಕಳೆದ ಮೇಲೆ ಅವರಲ್ಲಿ ಒಬ್ಬ ಫೋನ್ ಮಾಡಿದ. ಇಂಟರ್‌ವ್ಯೂನಲ್ಲಿ ಮೈಕ್ರೋಮೀಟರ್ ಕೈಗೆ ಕೊಟ್ಟು ರೀಡಿಂಗ್ ಹೇಳು ಅಂದರಂತೆ. ಹೇಳಲು ಬರಲಿಲ್ಲವಂತೆ. ಅವನು ನನ್ನನ್ನು ಬೈಯಲಿಲ್ಲ. "ಸರ್, ಬೇರೆ ಎಲ್ಲಾದ್ರೂ ಇದ್ರೆ ಹೇಳಿ" ಅಂತ ಮಾತ್ರ ಕೇಳಿದ. ನಮ್ಮ ಶೆಡ್ಡಿನಲ್ಲಿ ಐದು ಮೈಕ್ರೋಮೀಟರ್ ಇದ್ದವು. ಒಂದನ್ನೂ ಅವನ ಕೈಗೆ ಕೊಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಮಷಿನ್ ಮುಟ್ಟದವರ ರಿಪೋರ್ಟಿಗೆ ನಾನು ಸಹಿ ಹಾಕುವುದಿಲ್ಲ.

ಗೈಡ್‌ಗೂ ಇದನ್ನೇ ಹೇಳಿದೆ. ಅವರೂ ಕೆಟ್ಟವರಲ್ಲ. ಕೊನೆಗೆ ದನಿ ಇಳಿಸಿ, "ನಮಗೂ ಯಾರೂ ಕೊಟ್ಟಿರಲಿಲ್ಲ ಸರ್" ಅಂದರು. ಒಂದು ದಿನ ಶೆಡ್ಡಿಗೆ ಬನ್ನಿ, ನಿಮಗೂ ಒಂದು ತುಂಡು ಇಟ್ಟಿರುತ್ತೇನೆ ಅಂದೆ. ಬರುತ್ತೇನೆ ಅಂದಿದ್ದಾರೆ.

ಹುಡುಗನ ಎರಡನೇ ಶಾಫ್ಟ್ ನಿನ್ನೆ ಮುಗಿಯಿತು. ಕೊನೆಯ ಕಟ್ ತೆಗೆದ ಕೂಡಲೇ ಅಳೆದ, 25.02. ಇನ್ನೊಂದು ಹತ್ತು ಮೈಕ್ರಾನ್ ಎಮರಿ ಪೇಪರಿನಲ್ಲಿ ಉಜ್ಜಲು ಹೊರಟಿದ್ದ. ಮೇಸ್ತ್ರಿ ಕೈ ಹಿಡಿದರು. "ಬಿಸಿ ಇದ್ದಾಗ ಅಳೀಬೇಡ ಕಣಪ್ಪ. ಟೀ ಕುಡ್ಕೊಂಡು ಬರೋಣ ಬಾ." ಬಂದು ಅಳೆದಾಗ 25.01. ಬೇರಿಂಗ್ ಇಟ್ಟು ಪೈಪಿನ ತುಂಡಿನಿಂದ ಮೆಲ್ಲಗೆ ತಟ್ಟಿದ. ಹೋಗಿ ಗಟ್ಟಿಯಾಗಿ ಕೂತಿತು. ಗೈಡ್‌ಗೆ ಕಳಿಸಿದ್ದು ಅದರ ಫೋಟೋ. ಮೊದಲನೇ ಶಾಫ್ಟನ್ನು ಸ್ಕ್ರ್ಯಾಪ್ ಡಬ್ಬಕ್ಕೆ ಹಾಕಲು ಹೋದರೆ ಬೇಡ ಅಂದ. ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡ.

ಮೆಕ್ಯಾನಿಕಲ್ ಕಲಿಸುವ ಮೇಷ್ಟ್ರುಗಳು ಇದನ್ನು ಓದುವವರಲ್ಲಿ ಕೆಲವರಾದರೂ ಇದ್ದೀರಿ. ನಮ್ಮಲ್ಲಿ ಬಾರ್ ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿವೆ. ಇಎನ್8, ಎಂಎಸ್ (ಮೆತ್ತನೆ ಉಕ್ಕು), ಸ್ವಲ್ಪ ಅಲ್ಯೂಮಿನಿಯಂ. ತೂಕಕ್ಕೆ ಹಾಕಿದರೆ ನಮಗೆ ಸಿಗೋದು ಅಷ್ಟಕ್ಕಷ್ಟೇ. ನಿಮ್ಮ ಲ್ಯಾಬಿಗೆ ಬೇಕಾದರೆ ದುಡ್ಡಿಲ್ಲದೆ ಕೊಡುತ್ತೇನೆ. ಒಬ್ಬ ಹುಡುಗನಿಗೆ ಒಂದು ತುಂಡು, ಹಂಚಿಕೊಳ್ಳುವ ಹಾಗಿಲ್ಲ, ಅದೊಂದೇ ಷರತ್ತು. ಶನಿವಾರ ಮಧ್ಯಾಹ್ನ ಬನ್ನಿ, ಗಟ್ಟಿ ಚೀಲ ತನ್ನಿ.