ಸ್ಪಷ್ಟನೆ: ಮಿಲ್ ಪವರ್ ಇಳಿದ ಕೂಡಲೇ ಫೀಡ್ ಏರಿಸಬೇಡಿ

‘ಸ್ಯಾಗ್ ಮಿಲ್ ಪವರ್ ಇಳಿದರೆ ಮಿಲ್ ಖಾಲಿಯಾಗುತ್ತಿದೆ, ಫೀಡ್ ಏರಿಸಿ’ ಎಂಬ ಸಂದೇಶ ಸುರತ್ಕಲ್, ಪಣಂಬೂರು ಕಡೆಯ ಆಪರೇಟರ್‌ಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಯಾವಾಗಲೂ ಹಾಗಲ್ಲ. (ಸ್ಯಾಗ್ ಮಿಲ್ ಎಂದರೆ ಅದಿರು ಅರೆಯುವ ದೊಡ್ಡ ತಿರುಗುವ ಡ್ರಮ್; ಪವರ್ ಎಂದರೆ ಅದನ್ನು ತಿರುಗಿಸುವ ಮೋಟಾರು ಎಳೆಯುವ ವಿದ್ಯುತ್; ಫೀಡ್ ಎಂದರೆ ಒಳಗೆ ಹಾಕುವ ಅದಿರು.)

ಮಿಲ್ ತುಂಬುತ್ತಾ ಹೋದಂತೆ ಪವರ್ ಏರಿ, ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ವಿಪರೀತ ತುಂಬಿದಾಗ ಒಳಗಿನ ರಾಶಿಯ ಗುರುತ್ವ ಕೇಂದ್ರ ಅಕ್ಷದ ಹತ್ತಿರ ಸರಿದು ಟಾರ್ಕ್ (ತಿರುಗಿಸಲು ಬೇಕಾದ ಬಲ) ಕಡಿಮೆಯಾಗುವುದೇ ಕಾರಣ. ಅಂದರೆ ಒಂದೇ ಪವರ್ ರೀಡಿಂಗ್‌ಗೆ ಎರಡು ಲೋಡ್ ಸಾಧ್ಯ. ತುದಿ ದಾಟಿದರೆ ಮಾಡೆಲ್‌ನ ಗೇನ್ ಪ್ಲಸ್‌ನಿಂದ ಮೈನಸ್‌ಗೆ ತಿರುಗುತ್ತದೆ, ಅಂದರೆ ಫೀಡ್ ಏರಿಸಿದರೆ ಪವರ್ ಏರುವ ಬದಲು ಇಳಿಯುತ್ತದೆ. ಪವರ್ ಮಾತ್ರ ನೋಡುವ ಪಿಐ ಲೂಪ್ (ಫೀಡ್ ತಾನಾಗಿಯೇ ಹೊಂದಿಸುವ ನಿಯಂತ್ರಣ ವ್ಯವಸ್ಥೆ) ತುಂಬಿದ ಮಿಲ್ಲಿಗೇ ಮತ್ತೆ ಅದಿರು ತುರುಕುತ್ತದೆ.

ಪವರ್ ಜೊತೆಗೇ ಬೇರಿಂಗ್ ಪ್ರೆಶರ್ (ಮಿಲ್ಲಿನ ಭಾರ ತೋರಿಸುವ ಒತ್ತಡದ ರೀಡಿಂಗ್) ಕೂಡ ನೋಡಿ. ಎರಡೂ ಇಳಿಯುತ್ತಿದ್ದರೆ ಫೀಡ್ ನಿಧಾನವಾಗಿ ಏರಿಸಬಹುದು. ಪವರ್ ಇಳಿದು ಪ್ರೆಶರ್ ಏರುತ್ತಿದ್ದರೆ, ಮಿಲ್ ಸದ್ದೂ ಮಂಕಾಗಿದ್ದರೆ, ಅದು ಓವರ್‌ಲೋಡ್: ತಕ್ಷಣ ಫೀಡ್ ತಗ್ಗಿಸಿ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.